ಜೇನುರೊಟ್ಟಿ ತಿಂದವನು

ಇಷ್ಟೆಲ್ಲ ಎಡವಟ್ಟಿಗೆ ಕಾರಣ ಪಶೇದು ಕೊಡಿಸಿದ ಎರಡು ಮಡಕೆ ಬಿಯರು.

ನೈಲ್ ನದಿಯ ಪಡುವಣ ದಂಡೆಯಲ್ಲಿ, ರಾಜರ ಗೋರಿ ಕೊರೆಯುವವರ ಊರು. ಪಶೇದು ಅಲ್ಲಿ ಗೋಡೆಗೆ ಗಾರೆ ಮೆತ್ತುವವನು, ಮೆತ್ತುತ್ತಲೇ ಕನಸು ಕಾಣುವವನು. ಆರು ತಿಂಗಳಿಂದ ಅವನ ಕನಸಿನಲ್ಲಿ ಒಬ್ಬಳೇ, ವಿಧವೆ ವಬೇತ್. ಸತ್ತವರು ಸೇರುವ ಜೊಂಡಿನ ಹೊಲದಲ್ಲಿ ಅವಳು ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಕೊಡುತ್ತಿದ್ದಳು. ಎಚ್ಚರವಿದ್ದಾಗ ಮಾತ್ರ ಅವಳೆದುರು ಇವನಿಗೆ ಬಾಯೇ ಬರುತ್ತಿರಲಿಲ್ಲ. ಮದುವೆ ವಿಷಯ ದೇವರ ಬಾಯಿಂದಲೇ ಹೇಳಿಸಿಬಿಡೋಣ ಎಂದುಕೊಂಡ.

ಊರದೇವರು ಮಾತಾಡುವುದು ಹೊತ್ತವರ ಹೆಗಲ ಮೇಲಿಂದ. ಕೇಳಿದ್ದಕ್ಕೆ ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಇಲ್ಲ. ಹೊರುವ ಆರು ಜನರ ಮುಂದಾಳು ಇಪೂಯ್, ಪಶೇದುವಿನ ಗೆಳೆಯ.

"ನನ್ನ ಹೆಸರು ಕೂಗಿದ ತಕ್ಷಣ ಮುಂದೆ ಬರ್ಬೇಕು, ಗೊತ್ತಾಯ್ತೇನೋ?"

"ಮಡಕೆ ಇಲ್ಲಿಡು. ನಿನ್ನ ಹೆಸರು ಕಿವಿಗೆ ಬಿದ್ರೆ ಸಾಕು, ದೇವರು ಓಡೋಡಿ ಬರ್ತಾನೆ."

ಮಧ್ಯಾಹ್ನ ಮೆರವಣಿಗೆ ಹೊರಟಿತು. ಧೂಪದ ಹೊಗೆಯಲ್ಲಿ ಬೆಟ್ಟವೇ ತೇಲುವಂತೆ ಕಾಣುತ್ತಿತ್ತು. ಪಶೇದು ಆಗಲೇ ಅರ್ಧ ಮದುವಣಿಗನಾಗಿದ್ದ. ಅಷ್ಟರಲ್ಲಿ ವಬೇತ್ ಮುಂದೆ ನುಗ್ಗಿ ದೇವರಿಗೆ ಪ್ರಶ್ನೆ ಓದಿ ಹೇಳುವ ಊರಿನ ಮುದಿ ಲಿಪಿಕಾರನ ಕೈ ಹಿಡಿದಳು.

"ತಾತ, ಮೊದಲು ನಂದು ಕೇಳಿ. ನನ್ನ ಗಂಡನ ಗೋರಿ ಮುಂದೆ ಇಟ್ಟಿದ್ದ ಜೇನುರೊಟ್ಟಿ ತಿಂದೋರು ಯಾರು ಅಂತ."

"ಥೂ! ಸತ್ತವರ ಊಟಕ್ಕೂ ಬಾಯಿ ಹಾಕೋದಾ?" ಎಂದು ಹೆಂಗಸರೆಲ್ಲ ಎದೆ ಬಡಿದುಕೊಂಡರು. "ಪಾಪ, ಅವನು ಅಲ್ಲಿ ಹಸಿದು ಕೂತಿರ್ತಾನೆ!"

ಲಿಪಿಕಾರ ಒಂದೊಂದೇ ಮನೆಯ ಹೆಸರು ಓದತೊಡಗಿದ. ದೇವರು ಕದಲಲಿಲ್ಲ.

"ಗಾರೆಯ ಪಶೇದು."

ದೇವರು ಓಡೋಡಿ ಬಂದ.

ಪಶೇದುವಿನ ಜೀವವೇ ಹಾರಿಹೋಯಿತು. ಅಯ್ಯೋ, ಗಂಡನ ಊಟ ಕದ್ದವನನ್ನು ಯಾವಳು ಕಟ್ಟಿಕೊಳ್ಳುತ್ತಾಳೆ? "ಸುಳ್ಳು! ನಾನು ಮುಟ್ಟಿಲ್ಲ! ಸ್ವಾಮಿ, ಇನ್ನೊಂದ್ಸಲ ಸರಿಯಾಗಿ ನೋಡು!" ಎಂದು ಅರಚಿದ. ಇಪೂಯ್‌ಗೆ ಕಣ್ಣಲ್ಲೇ ಹಿಂದೆ, ಹಿಂದೆ ಎಂದು ಗೋಗರೆದ.

ಬಿಯರು ಕುಡಿದ ಋಣ. ಇಪೂಯ್ ಗಬಕ್ಕನೆ ಹಿಂದೆ ಸರಿದ. ಹಿಂದಿದ್ದವರು ಕಲ್ಲಿಗೆ ಎಡವಿದರು. ಬೀಳಲಿದ್ದ ದೇವರನ್ನು ಹೇಗೋ ಎತ್ತಿ ಹಿಡಿದು ತೂರಾಡುತ್ತಿರುವಾಗ ಲಿಪಿಕಾರ ಮುಂದಿನ ಹೆಸರು ಓದಿದ. "ಅಗಸ ಕಾಹಾ."

ಆರೂ ಜನ ಮುಗ್ಗರಿಸಿ ಮುಂದೆ ಬಂದರು.

ಕಾಹಾನಿಗೆ ಅರವತ್ತು ವರ್ಷ, ಬಾಯಲ್ಲಿ ಮೂರೇ ಹಲ್ಲು. ವಬೇತ್‌ಗೆ ಅಡ್ಡಬಿದ್ದ. "ತಪ್ಪಾಯ್ತು ತಾಯಿ! ಮೆತ್ತಗಿತ್ತು, ತಿಂದುಬಿಟ್ಟೆ!"

ಪಶೇದು ಗೆದ್ದವನಂತೆ ಎದೆ ಸೆಟೆಸಿ ವಬೇತ್ ಕಡೆ ನೋಡಿದ. ಅವಳು ಕಾಹಾನ ಬೋಳುತಲೆಯನ್ನೇ ನೋಡುತ್ತಾ ನಿಟ್ಟುಸಿರುಬಿಟ್ಟಳು.

"ಬೆಳಗಿನ ಜಾವ ನನ್ನ ಗಂಡ ಕನಸಲ್ಲಿ ಬಂದಿದ್ದ. 'ನನ್ನ ರೊಟ್ಟಿ ನಾನೇ ಒಬ್ಬನಿಗೆ ಬಿಟ್ಟುಕೊಟ್ಟಿದೀನಿ, ಇನ್ಮೇಲೆ ಅವನಿಗೇ ಮಾಡಿಹಾಕು, ಅವನನ್ನೇ ಮದುವೆಯಾಗು. ದೇವರು ತೋರಿಸೋ ತನಕ ಯಾರಿಗೂ ಹೇಳ್ಬೇಡ' ಅಂದ."

ಊರೆಲ್ಲ ಕೇಕೆ ಹಾಕಿತು. ಕಾಹಾ ಮೂರು ಹಲ್ಲೂ ಬಿಟ್ಟು ನಕ್ಕ. ವಬೇತ್ ಪಶೇದುವಿನ ಪಕ್ಕ ಹಾದುಹೋಗುವಾಗ ಮೆಲ್ಲಗೆ ಹೇಳಿದಳು. "ಮೊದಲು ನಿನ್ನ ಹೆಸರು ಬಂದಾಗ ನಂಗೆಷ್ಟು ಖುಷಿಯಾಗಿತ್ತು ಗೊತ್ತಾ? ಅಷ್ಟೊಂದು ಯಾಕಪ್ಪಾ ಕಿರುಚಿಕೊಂಡೆ?"

ಪಶೇದು ಗಾರೆಯಲ್ಲಿ ಹೂತವನಂತೆ ನಿಂತುಬಿಟ್ಟ.

"ಪಶೇದು, ಈಗ ನಿಂದು. ಏನೋ ಕೇಳ್ಬೇಕು ಅಂದಿದ್ಯಲ್ಲ?" ಎಂದ ಲಿಪಿಕಾರ.

"ಏನೂ ಇಲ್ಲ, ಬಿಡಿ ತಾತ."

"ದೇವರನ್ನ ನಿಲ್ಲಿಸಿ ಕೇಳ್ದೆ ಹೋಗೋದುಂಟಾ? ಕೇಳು."

ಪಶೇದುವಿಗೆ ಅಳು ಬಂತು. "ಹಾಗಾದ್ರೆ ಕೇಳಿ, ಈ ಊರಲ್ಲಿ ನನ್ನಂಥ ಕತ್ತೆ ಇನ್ನೊಂದಿಲ್ಲ, ಹೌದೋ ಅಲ್ವೋ ಅಂತ."

ಲಿಪಿಕಾರ ಕೈಯೆತ್ತಿದ. "ಸ್ವಾಮಿ, ಗಾರೆಯ ಪಶೇದು ಕೇಳ್ತಿದಾನೆ..."

ಇಪೂಯ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಪ್ರಶ್ನೆ ಮುಗಿಯುವ ಮೊದಲೇ ದೇವರು ಓಡೋಡಿ ಬಂದ.