ಕಳುಹಿಸಿದವರು: ವರ್ಲಿನ್ ಡಿಕ್‌ಸ್ಟ್ರಾ

ಎಲ್ಲದಕ್ಕೂ ಮೂಲ ಒಂದು ಬಿಳಿ ಮಾತ್ರೆ. ಗಾತ್ರದಲ್ಲಿ ಕಡಲೆಬೇಳೆಯಷ್ಟು, ಆದರೆ ವರ್ಲಿನ್ ಡಿಕ್‌ಸ್ಟ್ರಾನ ಗಂಟಲಿಗೆ ಅದು ಟ್ರ್ಯಾಕ್ಟರಿನ ಹಿಂಚಕ್ರ.

ಹದಿನಾಲ್ಕು ತಿಂಗಳ ಹಿಂದೆ ಡಾಕ್ಟರು, "ಕೊಲೆಸ್ಟ್ರಾಲ್ ಅಟ್ಟಕ್ಕೇರಿದೆ. ದಿನಕ್ಕೊಂದು ಮಾತ್ರೆ, ಇಲ್ಲಾ ಪಥ್ಯ. ಯಾವುದು ಬೇಕೋ ಹೇಳಿ" ಅಂದಿದ್ದರು. ವರ್ಲಿನ್ ಯೋಚನೆ ಮಾಡದೆ ಮಾತ್ರೆ ಎಂದುಬಿಟ್ಟ. ಹೆಂಡತಿ ಆರ್ಡಿತ್ ಅಲ್ಲೇ ಷರತ್ತು ಹಾಕಿದಳು: "ಮಾತ್ರೆ ನುಂಗೋವರೆಗೂ ಹಂದಿ ಸಾಸೇಜು, ಬೆಣ್ಣೆ, ಸೇಬಿನ ಪೈ ಎಲ್ಲಾ ಉಂಟು. ಬಿಟ್ಟೆ ಅಂತ ಗೊತ್ತಾದ ದಿನದಿಂದ ಓಟ್ಸ್ ಗಂಜಿ. ನೀರಲ್ಲಿ ಬೇಯಿಸಿದ್ದು."

ವರ್ಲಿನ್ನನ ಅಪ್ಪ ಹಂದಿ ಕೊಬ್ಬನ್ನೇ ಬ್ರೆಡ್ಡಿಗೆ ಬಳಿದು ತಿಂದು ತೊಂಬತ್ನಾಲ್ಕು ವರ್ಷ ಬದುಕಿದವನು. ಆ ವಂಶದವನಿಗೆ ಮಾತ್ರೆ ಯಾಕೆ? ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತಿದ್ದ ಬಾಟಲಿಗಳು ಸೀಲೂ ಒಡೆಯದೆ ಗ್ಯಾರೇಜಿನಲ್ಲಿದ್ದ ಮೀನಿನ ಗಾಳದ ಪೆಟ್ಟಿಗೆ ಸೇರಿದವು. ಒಟ್ಟು ಐದು. ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, "ಇಪ್ಪತ್ತರ ಹುಡುಗನ ರಕ್ತ!" ಎಂದು ಬೆನ್ನು ತಟ್ಟಿದಾಗ ವರ್ಲಿನ್ ಮನಸ್ಸಿನಲ್ಲೇ ಅಪ್ಪನಿಗೆ ಕೈಮುಗಿದ.

ಹಾಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ನೆಬ್ರಾಸ್ಕದ ತಂಗಿಯ ಮನೆಗೆ ಹೋಗಿದ್ದ ಆರ್ಡಿತ್ ಗುರುವಾರ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದಳು.

"ಸಂಜೆ ಐದಕ್ಕೆ ಬರ್ತೀನಿ. ಶನಿವಾರ ಊರವರೆಲ್ಲ ಹಳೇ ಸಾಮಾನು ಮಾರೋ ಗ್ಯಾರೇಜ್ ಮಾರಾಟ ಅಲ್ವಾ? ಬಂದ ತಕ್ಷಣ ನಮ್ಮ ಗ್ಯಾರೇಜು ಖಾಲಿ ಮಾಡೋದೇ. ನಿನ್ನ ಗಾಳದ ಪೆಟ್ಟಿಗೆನೂ ಮಾರಿಬಿಡೋಣ. ಮೀನಂತೂ ತರಲ್ಲ."

ವರ್ಲಿನ್ನನ ಕೈಯಲ್ಲಿದ್ದ ಸಾಸೇಜು ತಟ್ಟೆಗೆ ಬಿತ್ತು.

ಬಾಟಲಿ ಎಸೆಯುವುದೇ? ಒಂದೇ ಟೀ ಚೀಲವನ್ನು ಎರಡು ಸಲ ಅದ್ದುವ ಮನೆ ಅದು. ಹೊಚ್ಚಹೊಸ ಔಷಧವನ್ನು ಕಸಕ್ಕೆ ಹಾಕಿದರೆ ಸಮಾಧಿಯಲ್ಲಿರುವ ಅಜ್ಜಂದಿರೆಲ್ಲ ಎದ್ದು ಕೂರುತ್ತಾರೆ. ಆಗ ನೆನಪಾಯಿತು, ರಾಜ್ಯದ ಔಷಧ ದಾನ ಯೋಜನೆ! ಕೌಂಟಿಯ ಆರೋಗ್ಯ ಕಚೇರಿಯಲ್ಲೇ ಅದರ ಕೌಂಟರು. ಸೀಲ್ ಒಡೆದಿರಬಾರದು, ಆರು ತಿಂಗಳಾದರೂ ಅವಧಿ ಇರಬೇಕು, ಬಾಟಲಿ ಮೇಲಿನ ಹೆಸರಿಗೆ ಮಸಿ ಬಳಿದಿರಬೇಕು. ವಿಮೆ ಇಲ್ಲದ ಬಡವರಿಗೆ ಪುಕ್ಕಟೆ ಹೋಗುತ್ತದೆ. ಪುಣ್ಯವೂ ಬಂತು, ಸಾಕ್ಷಿಯೂ ಹೋಯಿತು!

ಕಪ್ಪು ಮಾರ್ಕರ್ ಹಿಡಿದು ತನ್ನ ಹೆಸರಿನ ಮೇಲೆ ಎಷ್ಟು ಉಜ್ಜಿದನೆಂದರೆ ಐದು ಬಾಟಲಿಗಳೂ ಕಾಗೆಮರಿಗಳ ಹಾಗೆ ಕಂಡವು. ಬೂಟಿನ ಡಬ್ಬಿಯಲ್ಲಿಟ್ಟು, ಕಂದು ಕಾಗದ ಸುತ್ತಿ, ಹುರಿ ಬಿಗಿದು, ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿಟ್ಟು ಓಡಿಬಂದ. ಆ ಖುಷಿಗೆ ಇನ್ನೆರಡು ಸಾಸೇಜು ಹುರಿದುಕೊಂಡ.

ಒಂಬತ್ತಕ್ಕೆ ಫೋನ್ ಹೊಡೆದುಕೊಂಡಿತು. ದಾನದ ಕೌಂಟರಿನ ಲವೊನ್. ಚರ್ಚಿನಲ್ಲಿ ಇವರ ಹಿಂದಿನ ಬೆಂಚಿನವಳು.

"ವರ್ಲಿನ್! ನೀನು ದೇವರಂಥವನು ಕಣೋ! ಐದು ಬಾಟ್ಲಿ! ಒಂದರ ಸೀಲೂ ಒಡೆದಿಲ್ಲ! ನಮ್ಮ ಕೌಂಟಿಯ ಸಾವಿರನೇ ದಾನ ಇದು, ಗೊತ್ತಾ? ಮೂರು ಗಂಟೆಗೆ ಪೇಪರಿನವರು ಬರ್ತಾರೆ!"

"ನಾನಾ? ನಾನಲ್ಲ... ನಾನು ಅಂತ ಯಾರು ಹೇಳಿದ್ದು?"

"ನೀನೇ ಬರ್ದಿದೀಯಲ್ಲೋ! ಎಡಗಡೆ ಮೂಲೇಲಿ ದಪ್ಪಕ್ಷರದಲ್ಲಿ, 'ಕಳುಹಿಸಿದವರು: ವರ್ಲಿನ್ ಡಿಕ್‌ಸ್ಟ್ರಾ, 412, ಎಲ್ಮ್ ಬೀದಿ.' ಪಿನ್‌ಕೋಡ್ ಸಮೇತ!"

ವರ್ಲಿನ್ ತನ್ನ ಬಲಗೈಯನ್ನೇ ದಿಟ್ಟಿಸಿದ. ಮೂವತ್ತನಾಲ್ಕು ವರ್ಷ ಆ ಊರಿಗೆ ಅಂಚೆ ಹಂಚಿದವನು. ಕಳುಹಿಸಿದವರ ವಿಳಾಸವಿಲ್ಲದ ಪಾರ್ಸೆಲ್ಲು ತಂದೆತಾಯಿಯಿಲ್ಲದ ಮಗು ಎಂದು ಊರಿಗೆಲ್ಲ ಪಾಠ ಹೇಳಿದವನು. ಕಂದು ಕಾಗದ ಕಂಡ ಕೂಡಲೇ ಅವನ ಕೈ ಅವನನ್ನು ಕೇಳದೆಯೇ ಬರೆದುಬಿಟ್ಟಿತ್ತು.

ಲವೊನ್‌ಳ ದನಿ ಮೆತ್ತಗಾಯಿತು. "ಅಲ್ಲ ಮಾರಾಯ, ಇಷ್ಟೊಂದು ಬಾಟ್ಲಿ ಬರೋದು ಯಾರಾದ್ರೂ ತೀರಿಹೋದ ಮನೆಯಿಂದಾನೇ. ಯಾರು ಹೋದ್ರು?"

ಬಾಯಿಗೆ ಬಂದ ಮೊದಲ ಹೆಸರನ್ನು ಹೇಳಿದ. "ಹಾರ್ಲನ್. ನಮ್ಮ ಚಿಕ್ಕಪ್ಪನ ಮಗ. ನೆಬ್ರಾಸ್ಕದಲ್ಲಿ."

ಹಾರ್ಲನ್ ಗೂಳಿಯ ಹಾಗೆ ಗಟ್ಟಿಮುಟ್ಟಾಗಿದ್ದ. ಆದರೆ ಹನ್ನೊಂದು ವರ್ಷದಿಂದ ಗಡಿಯ ಮಿಸೌರಿ ನದಿ ದಾಟಿ ಈಚೆ ಬಂದವನಲ್ಲ. ಅವನಷ್ಟು ಸುರಕ್ಷಿತವಾದ ಹೆಣ ಇನ್ನೊಂದಿರಲಿಲ್ಲ.

"ಅಯ್ಯೋ ಪಾಪ! ಈಗ್ಲೇ ಪ್ರಾರ್ಥನಾ ಸರಪಳಿಗೆ ಹೇಳ್ತೀನಿ."

"ಬೇಡ ಲವೊನ್! ಯಾರಿಗೂ ಹೇಳ್ಬೇಡ!"

"ದುಃಖಾನ ಒಬ್ಬನೇ ನುಂಗ್ಬಾರ್ದು ಕಣೋ" ಎಂದು ಫೋನ್ ಇಟ್ಟಳು.

ಪ್ರಾರ್ಥನಾ ಸರಪಳಿ ಎಂದರೆ ಚರ್ಚಿನ ಇಪ್ಪತ್ತಾರು ಹೆಂಗಸರು. ಒಬ್ಬಳು ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ ಫೋನ್ ಮಾಡಬೇಕು. ಜೋಳದ ಹೊಲಕ್ಕೆ ಬಿದ್ದ ಕಿಡಿಯಾದರೂ ಗಾಳಿಗೆ ಕಾಯುತ್ತದೆ; ಇವರು ಕಾಯುವುದಿಲ್ಲ.

ವರ್ಲಿನ್ ಕಚೇರಿಗೆ ಓಡಿದ.

"ತಪ್ಪಾಯ್ತು ಲವೊನ್, ಅದನ್ನ ವಾಪಸ್ ಕೊಟ್ಟುಬಿಡು."

"ಒಂದ್ಸಲ ಕೊಟ್ಟ ಔಷಧ ವಾಪಸ್ ಕೊಡೋ ಹಾಗೇ ಇಲ್ಲ. ರಾಜ್ಯದ ಕಾನೂನು. ಅದೂ ಅಲ್ದೆ ಎರಡು ಬಾಟ್ಲಿ ಆಗ್ಲೇ ಹೋಯ್ತು! ಕೆಲ್ಸ ಹೋಗಿರೋ ಒಬ್ಬ ಲಾರಿ ಡ್ರೈವರ್, ಮೂರು ವಾರದಿಂದ ಇದೇ ಮಾತ್ರೆಗೆ ಅಲೀತಿದ್ದ. ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಟ."

ವರ್ಲಿನ್ನನ ಎದೆ ಒಂದು ಗಳಿಗೆ ಬ್ರೆಡ್ಡಿನ ಹಿಟ್ಟಿನಂತೆ ಉಬ್ಬಿತು. ಮರುಗಳಿಗೆಯೇ ಇಳಿಯಿತು. ಬೀದಿ ಕಡೆಯ ಕಿಟಕಿಯಲ್ಲಿ 'ಸಾವಿರನೇ ದಾನ!' ಎಂಬ ಬೋರ್ಡಿನ ಕೆಳಗೆ ಅವನ ಡಬ್ಬಿ, ವಿಳಾಸ ಹೊರಗೆ ಕಾಣುವಂತೆ, ಮೆರೆಯುತ್ತ ಕೂತಿತ್ತು. ಆರ್ಡಿತ್ ಊರೊಳಗೆ ಬರುವುದು ಅದೇ ಬೀದಿಯಲ್ಲಿ!

ಲವೊನ್ ಒಳಕೋಣೆಗೆ ಹೋದದ್ದೇ ತಡ, ಮಾರ್ಕರ್ ಹಿಡಿದು ಕಿಟಕಿಯೊಳಗೆ ತಲೆ ತೂರಿಸಿದ. 'ವರ್ಲಿನ್' ಅಳಿಸಿದ. 'ಡಿಕ್' ಅಳಿಸಿದ. ಬೆವರು ಒರೆಸಿಕೊಳ್ಳಲು ಹೋಗಿ ಮೂಗಿಗೆಲ್ಲ ಮಸಿಯಾಯಿತು. ತಲೆಯೆತ್ತಿದರೆ ಗಾಜಿನ ಆಚೆ, ಸುದ್ದಿ ಕೇಳಿ ಅವನನ್ನು ಹುಡುಕಿಕೊಂಡು ಬಂದ ಪಕ್ಕದ ಮನೆಯ ಬರ್ನೀಸ್, ಕೈಯಲ್ಲಿ ಬಿಸಿ ಪಾತ್ರೆ.

"ಏನಪ್ಪಾ ಇದು! ಡಬ್ಬಿ ತಬ್ಕೊಂಡು ಅಳ್ತಿದಾನಲ್ಲ!" ಎಂದು ಒಳಗೆ ನುಗ್ಗಿ ರಟ್ಟೆ ಹಿಡಿದಳು. "ಬಾ ಮನೆಗೆ. ಹೊಟ್ಟೆಗೆ ಏನಾದ್ರೂ ಬಿದ್ರೆ ಸರಿಹೋಗುತ್ತೆ."

ಅವನದೇ ಅಡುಗೆಮನೆಯಲ್ಲಿ ಕೂರಿಸಿ, ಪಾತ್ರೆಯ ಮೇಲಿನ ಬೆಳ್ಳಿ ಕಾಗದ ಬಿಚ್ಚಿ, ಆಲೂಗಡ್ಡೆ, ಚೀಸು, ಹಂದಿಮಾಂಸ ಸೇರಿಸಿ ಬೇಯಿಸಿದ್ದನ್ನು ಬಡಿಸಿದಳು. ಮೊದಲ ತುತ್ತಿಗೇ ವರ್ಲಿನ್ನನ ಕಣ್ಣಲ್ಲಿ ನೀರು.

"ಬರ್ನೀಸ್, ಏನು ಹಾಕಿದೀಯ ಇದಕ್ಕೆ?"

"ಬೆಣ್ಣೆ ಕಣೋ. ಇನ್ನೇನು ಹಾಕ್ತಾರೆ?"

"ನಮ್ಮನೇಲೂ ಬೆಣ್ಣೆನೇ ಹಾಕೋದು. ಹೀಗಿರಲ್ಲ."

"ದುಃಖದಲ್ಲಿ ನಾಲಗೆ ಚುರುಕಾಗುತ್ತೆ" ಎಂದು ಅವಳು ಬೆನ್ನು ಸವರಿದಳು.

ಎರಡನೆಯ ತುತ್ತಿಗೆ ಕೈಹಾಕುವಷ್ಟರಲ್ಲಿ ಬಾಗಿಲು ಬಡಿದರು. ಸಾವಿನ ಮನೆಗೆ ಬಿಸಿ ಅಡುಗೆ ಒಯ್ಯುವುದು ಆ ಊರಿನ ರೂಢಿ; ಆಮೇಲೆ ಬಡಿಯುವುದು ನಿಲ್ಲಲೇ ಇಲ್ಲ. ಐದರ ಹೊತ್ತಿಗೆ ಮೇಜಿನ ಮೇಲೆ ಒಂಬತ್ತು ಪಾತ್ರೆ, ಪ್ರತಿಯೊಂದರ ತಳದಲ್ಲೂ ಒಡತಿಯ ಹೆಸರಿನ ಪಟ್ಟಿ. ಅಂಗಳದಲ್ಲಿ ಹನ್ನೆರಡು ಹೆಂಗಸರು. ಕಚೇರಿ ಮುಚ್ಚಿ ಬಂದ ಲವೊನ್ ಕೂಡ. "ಪೇಪರಿನವರು ನಿನ್ನ ಫೋಟೋ ಕೇಳಿದ್ರು. ಚರ್ಚಿನ ಆಲ್ಬಮ್‌ನಿಂದ ಕೊಟ್ಟೆ!" ಎಂದಳು.

ಅಷ್ಟರಲ್ಲಿ ಆರ್ಡಿತ್‌ಳ ಕಾರು ಬಂತು. ಈ ಕಡೆ ಬಾಗಿಲಿಂದ ಆರ್ಡಿತ್ ಇಳಿದಳು. ಆ ಕಡೆ ಬಾಗಿಲಿಂದ ಇಳಿದವನು ಹಾರ್ಲನ್!

"ಅಲ್ಲಿ ಸಿಕ್ಕಿದ್ಲು, ಗ್ಯಾರೇಜ್ ಮಾರಾಟ ಅಂದ್ಲು, ನಾನೂ ಬಂದೆ" ಎಂದು ಅವನು ಸುತ್ತ ನೋಡಿದ. "ಏನಿದು, ಯಾರು ಹೋದ್ರು?"

ಹಳೆಯ ಗುರುತಿದ್ದ ಬರ್ನೀಸ್ ಅವನ ಮುಖವನ್ನೇ ನೋಡುತ್ತ ಹೇಳಿದಳು, "ನೀನೇ."

ಹಾರ್ಲನ್ ಟೋಪಿ ತೆಗೆದು, ತನಗೋಸ್ಕರ ಒಂದು ಗಳಿಗೆ ಮೌನವಾಗಿ ನಿಂತ.

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಮಸಿ ಮೂಗಿನ ವರ್ಲಿನ್ ಹನ್ನೆರಡು ಹೆಂಗಸರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಮಾತ್ರೆ, ಪೆಟ್ಟಿಗೆ, ಹದಿನಾಲ್ಕು ತಿಂಗಳು. "ಆದ್ರೂ ಆರ್ಡಿತ್, ನನ್ನ ರಕ್ತ ನೋಡು! ಸಾಸೇಜು, ಪೈ ಎಲ್ಲಾ ತಿಂದೂ ಇಪ್ಪತ್ತರ ಹುಡುಗನ ರಕ್ತ! ಅಪ್ಪನ ವಂಶ!"

ಆರ್ಡಿತ್ ಸಿಟ್ಟಾಗಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿದ್ದು.

"ಮೀನು ಹಿಡಿಯೋಕೆ ಹೋಗುವಾಗ ಗಾಳದ ಪೆಟ್ಟಿಗೇನ ಮನೇಲೇ ಬಿಟ್ಟು ಹೋಗೋ ಗಂಡಸು ನೀನೊಬ್ಬನೇ. ಮೊದಲನೇ ಬಾಟ್ಲಿ ಇಟ್ಟ ವಾರಾನೇ ನೋಡಿದೆ."

"ಮತ್ತೆ... ಯಾಕೆ ಸುಮ್ಮನಿದ್ದೆ?"

"ಯಾರು ಸುಮ್ಮನಿದ್ರು? ಅವತ್ತಿಂದ ನೀನು ತಿಂದ ಸಾಸೇಜು ಸೋಯಾದ್ದು. ಬೆಣ್ಣೆ ಸೂರ್ಯಕಾಂತಿ ಎಣ್ಣೆದು. ಪೈ ಮೇಲಿನ ಕೆನೆ ನೀರು ಮೊಸರು. ಪೈ ಹಿಟ್ಟು ಓಟ್ಸ್."

ಬೆಳಗಿನಿಂದ ವರ್ಲಿನ್ ಯಾವುದನ್ನು ಉಳಿಸಿಕೊಳ್ಳಲು ಊರೆಲ್ಲ ಓಡಿದನೋ ಅದು ಹದಿನಾಲ್ಕು ತಿಂಗಳಿಂದ ಅವನ ಮನೆಯಲ್ಲೇ ಇರಲಿಲ್ಲ!

"ನುಂಗ್ತೀನಿ! ಇವತ್ತಿಂದಾನೇ ಮಾತ್ರೆ ನುಂಗ್ತೀನಿ!"

"ಕೊಟ್ಟದ್ದು ವಾಪಸ್ ಬರಲ್ಲ" ಎಂದಳು ಲವೊನ್.

"ಮುಂದಿನ ಬಾಟ್ಲಿ ಬರೋದು ಜುಲೈಗೆ" ಎಂದಳು ಆರ್ಡಿತ್. ಒಳಗೆ ಹೋಗಿ ಒಂಬತ್ತು ಪಾತ್ರೆಗಳನ್ನೂ ನೋಡಿದಳು. ಅವನ ಜೇಬಿನಿಂದ ಮಾರ್ಕರ್ ಎಳೆದು, ಬೆಳ್ಳಿ ಕಾಗದ ಬಿಚ್ಚದ ಎಂಟರ ಮೇಲೆ ಒಂದೊಂದು ಗೀಟು ಹಾಕಿದಳು. "ಸಾವೇ ಆಗಿಲ್ಲ ಅಂದ್ಮೇಲೆ ಇವು ಬೇಕಾದವರಿಗೆ ಹೋಗ್ಲಿ. ಲವೊನ್, ಆ ಲಾರಿ ಡ್ರೈವರ್ ಮನೇಗೆ ಕೊಡು. ಅವನು ತಿನ್ಬಹುದು, ಮಾತ್ರೆ ನುಂಗ್ತಾನೆ."

ಬರ್ನೀಸಳ ಪಾತ್ರೆಯೊಂದು ಉಳಿಯಿತು. ಚೀಸು ಇನ್ನೂ ಮಿರುಗುತ್ತಿತ್ತು. ವರ್ಲಿನ್ನನ ಜೀವ ಕಣ್ಣಿಗೆ ಬಂತು.

"ಅದು... ಅದು ಬಿಚ್ಚಿದ್ದು. ಬಿಚ್ಚಿದ್ದನ್ನ ದಾನ ಕೊಡೋ ಹಾಗಿಲ್ಲ. ಅಲ್ವಾ ಲವೊನ್?"

"ಇಲ್ವೇ ಇಲ್ಲ" ಎಂದಳು ಲವೊನ್ ಗಂಭೀರವಾಗಿ. "ಬಿಚ್ಚಿದ್ದನ್ನ ನಾಶ ಮಾಡ್ಬೇಕು. ಕಾನೂನು."

ಆರ್ಡಿತ್ ಎರಡು ಫೋರ್ಕು ತೆಗೆದಳು. ಒಂದನ್ನು ಹಾರ್ಲನ್‌ಗೆ ಕೊಟ್ಟಳು. ಇಬ್ಬರೂ ಎದುರುಬದುರು ಕೂತು, ಕಾನೂನಿನ ಪ್ರಕಾರ, ಅಂಚಿನಿಂದ ಶುರುಮಾಡಿ ನಾಶ ಮಾಡತೊಡಗಿದರು. ವರ್ಲಿನ್ನನ ಮುಂದೆ ಗಂಜಿಯ ಬಟ್ಟಲು ಬಂತು.

ಹಾರ್ಲನ್ ಬಾಯಿತುಂಬ ಚೀಸು ತುಂಬಿಕೊಂಡು ಅವನ ಹೆಗಲು ತಟ್ಟಿದ.

"ಸತ್ರೆ ಇಷ್ಟು ಚೆನ್ನಾಗಿರುತ್ತೆ ಅಂತ ಮೊದಲೇ ಹೇಳ್ಬಾರ್ದಿತ್ತೇನೋ ವರ್ಲಿನ್? ಹನ್ನೊಂದು ವರ್ಷ ಸುಮ್ಮನೆ ಹಾಳಾಯ್ತು!"