ಧರಣಿಗೆ ಹೋದ ನನ್ನ ಕುರ್ಚಿಗಳು

ಇನ್ನೂರು ಕುರ್ಚಿ, ಒಂದು ಶಾಮಿಯಾನ, ಒಂದು ಮೈಕ್ ಸೆಟ್. ಗುರುವಾರ ಕೊಡೋದು, ಶನಿವಾರ ಸಂಜೆ ವಾಪಸ್. ವ್ಯವಹಾರ ಇಷ್ಟೇ. ಭಾನುವಾರ ಬೆಳಗ್ಗೆ ಅವೇ ಕುರ್ಚಿಗಳು ಕುರುಬರಹಳ್ಳಿಯ ಗೃಹಪ್ರವೇಶಕ್ಕೆ ಹೋಗಬೇಕಿತ್ತು; ಮುಂಗಡ ಈಸ್ಕೊಂಡಾಗಿತ್ತು. ವಿಜಯನಗರದಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡವನ ಹತ್ತಿರ ತಲೆನೋವುಗಳು ವಿಳಾಸ ಕೇಳಿಕೊಂಡು ಬರುತ್ತವೆ. ಈ ಸಲ ಬಂದದ್ದು ಒಂದು ಕಾರ್ಮಿಕ ಸಂಘ. ನೀರು ಬಿಡುವವರು, ಬೀದಿ ಗುಡಿಸುವವರು, ಬೀದಿದೀಪ ನೋಡಿಕೊಳ್ಳುವವರು ಎಲ್ಲ ಸೇರಿದ ಸಂಘ. ಅವರ ಮೇಲಧಿಕಾರಿ ಇಂಜಿನಿಯರ್ ಸಾಹೇಬರ ಕಚೇರಿ ಎದುರಿಗೇ ಧರಣಿ.

"ಶನಿವಾರಕ್ಕೆ ಮುಗಿಯುತ್ತಲ್ವಾ ಸಾರ್?" ಅಂತ ಅಧ್ಯಕ್ಷರನ್ನು ಕೇಳಿದೆ.

"ಬೇಡಿಕೆ ಈಡೇರಿದ ಕ್ಷಣ ಮುಗಿಯುತ್ತೆ" ಅಂದರು.

ಆಮೇಲೆ ನನಗೆ ಗಲ್ಲಾಪೆಟ್ಟಿಗೆ ಮುಂದೆ ಕೂರೋಕಾಗಲಿಲ್ಲ. ಗಂಟೆಗೊಂದು ಸಲ ಸ್ಕೂಟರ್ ಹತ್ತಿ ಧರಣಿ ನೋಡೋಕೆ ಹೋಗ್ತಿದ್ದೆ.

ಸಂಘದ ಇತಿಹಾಸ

ಅಧ್ಯಕ್ಷರು ಬೀದಿಗಳಿಗೆ ನೀರು ಬಿಡುತ್ತಿದ್ದ ನಿವೃತ್ತ ವಾಲ್ವ್‌ಮ್ಯಾನ್. ಸಂಘ ಹುಟ್ಟಿದ ಕಥೆ ಅವರಿಗೆ ಬಾಯಿಪಾಠ. ಯಾರಾದರೂ ಶಾಮಿಯಾನದೊಳಗೆ ಕಾಲಿಟ್ಟರೆ ಸಾಕು, "ಈಗ ಬಂದವರಿಗೋಸ್ಕರ ಮೊದಲಿಂದ ಹೇಳ್ತೀನಿ" ಅಂತ ಶುರು. ಪಾಳಿ ಮುಗಿಸಿದವರು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಹಾಗಾಗಿ ಶುಕ್ರವಾರ ಮಧ್ಯಾಹ್ನವಾದರೂ ಸಂಘ ಇನ್ನೂ ಹುಟ್ಟುತ್ತಲೇ ಇತ್ತು.

ಚರಂಡಿ ಕೆಲಸ ಮುಗಿಸಿ ಕೈ ತೊಳೆಯೋಕೆ ಸೋಪು ಕೊಡಿ ಅಂತ ನಾಲ್ಕು ಜನ ನೀರಿನ ಟ್ಯಾಂಕ್ ಕೆಳಗೆ ಕೂತಿದ್ದೇ ಸಂಘದ ಶುರುವಂತೆ.

"ಸೋಪು ಸಿಕ್ತಾ ಸಾರ್?"

"ಸಿಕ್ತು. ಟವೆಲ್‌ಗೆ ಹೋರಾಟ ನಡೀತಾ ಇದೆ."

ನಾನೂ ಪದಾಧಿಕಾರಿಯಾದೆ

ಆ ಸಂಘದಲ್ಲಿ ಕೈ ಎತ್ತಿಸದೆ ಟೀ ಕೂಡ ತರಿಸೋದಿಲ್ಲ. ಶುಕ್ರವಾರ ಸಂಜೆ ನನ್ನ ಕುರ್ಚಿ ವಾಪಸ್ ಕೊಡೋ ವಿಷಯವನ್ನೂ ಸಭೆ ಮುಂದಿಟ್ಟರು. "ನೆಲದ ಮೇಲೆ ಕೂತ್ರೇನೇ ಧರಣಿಗೆ ಕಳೆ" ಅಂದ ಒಬ್ಬ.

ಬೀದಿ ಗುಡಿಸುವ ಹಿರಿಯಕ್ಕ ಎದ್ದು ನಿಂತರು. "ಕಳೆ ಬೇಕಾದ್ರೆ ನೀನು ಕೂತ್ಕೊ. ನನ್ನ ಮಂಡಿ ಏನು ಸರ್ಕಾರ ಕೊಟ್ಟಿದ್ದಾ?"

ಚಪ್ಪಾಳೆ ಬಿತ್ತು. ಕೊನೆಗೆ ಕುರ್ಚಿ ಉಪಸಮಿತಿ ಅಂತ ಒಂದನ್ನು ಮಾಡಿದರು. ಸಂಚಾಲಕರು ಯಾರು? ಕುರ್ಚಿ ಬಗ್ಗೆ ಅನುಭವ ಇರುವವರು. ಎಲ್ಲರೂ ಕೈ ಎತ್ತಿ ನನ್ನನ್ನೇ ಆರಿಸಿದರು.

"ನನ್ನ ಕುರ್ಚಿ ನಾನು ಯಾರನ್ನ ಕೇಳ್ಲಿ ಸಾರ್?"

"ಸಂಚಾಲಕರನ್ನ ಕೇಳಿ" ಅಂದರು ಅಧ್ಯಕ್ಷರು.

ಮೈಕ್ ಕೆಟ್ಟಿತು

ಭಾಷಣ ನಿಂತರೆ ಧರಣಿ ತಾನಾಗಿ ಕರಗುತ್ತೆ ಅನ್ನೋದು ನನ್ನ ಲೆಕ್ಕಾಚಾರ. ಶನಿವಾರ ಬೆಳಗ್ಗೆ ಆಂಪ್ಲಿಫೈಯರ್ ಹಿಂದಿನ ಒಂದು ವೈರು ಸಡಿಲಿಸಿದೆ. "ಮೈಕ್ ಕೆಟ್ಟೋಯ್ತು ಸಾರ್, ರಿಪೇರಿಗೆ ಎರಡು ದಿನ ಬೇಕು."

ಬೀದಿದೀಪದವರು ಆಗಲೇ ಸುತ್ತುವರಿದಿದ್ದರು. "ಇಷ್ಟೇನಾ ಅಣ್ಣ?" ಅಂತ ವೈರು ಸೇರಿಸಿದರು. ವರ್ಷಗಳಿಂದ ಸತ್ತು ಬಿದ್ದಿದ್ದ ನನ್ನ ಸೆಟ್ಟಿನ ಎರಡನೇ ಲೌಡ್‌ಸ್ಪೀಕರಿಗೂ ಜೀವ ಕೊಟ್ಟು, ಮರ ಹತ್ತಿ ಕಚೇರಿಯ ಕಿಟಕಿಗೇ ನೇರವಾಗಿ ಕಟ್ಟಿದರು. ರಿಪೇರಿ ಖುಷಿಗೆ ಅಧ್ಯಕ್ಷರು ಇತಿಹಾಸವನ್ನು ಮೊದಲಿಂದ ಎತ್ತಿಕೊಂಡರು.

ಸಾಯಂಕಾಲದ ಹೊತ್ತಿಗೆ ಇಂಜಿನಿಯರ್ ಸಾಹೇಬರು ಕಿವಿ ಮುಚ್ಚಿಕೊಂಡೇ ಇಳಿದು ಬಂದರು. "ಎಲ್ಲಿ ಸೈನ್ ಹಾಕ್ಬೇಕು ತೋರ್ಸ್ರೀ!"

ಒಪ್ಪಂದ

ಗ್ಲೌಸು, ಬೂಟು, ಗುತ್ತಿಗೆಯವರಿಗೂ ವಾರದ ರಜ ಅಂತ ಒಪ್ಪಂದವಾಯಿತು. ಕೆಲಸ ಕಾಯಂ ಮಾಡುವ ವಿಷಯ ಮಾತ್ರ 'ಪರಿಶೀಲನೆಯಲ್ಲಿದೆ'. ನನ್ನ ಫೋನು ಬಡಿದುಕೊಳ್ಳುತ್ತಿತ್ತು; ಗೃಹಪ್ರವೇಶದವರು. ಕುರ್ಚಿ ಕಾಯಲು ಮೂರು ದಿನದಿಂದ ಅಲ್ಲೇ ಬಿಟ್ಟಿದ್ದ ನನ್ನ ಮೇಸ್ತ್ರಿಗೂ ಮೂವರು ಆಳುಗಳಿಗೂ ಕೂಗಿದೆ: "ಬೇಗ ಎತ್ರಪ್ಪಾ!"

ಮೇಸ್ತ್ರಿ ಒಂದು ಕುರ್ಚಿ ಎಳೆದು ನನ್ನೆದುರು ಕೂತ. ಮೂವರೂ ಕೂತರು.

"ಸಾರ್, ನಮಗೂ ವಾರಕ್ಕೊಂದು ರಜ ಬೇಕು. ಕಂಬ ಹಿಡಿದು ಹಿಡಿದು ಕೈ ಕಿತ್ತೋಗಿದೆ, ಗ್ಲೌಸ್ ಬೇಕು."

"ಯಾರೋ ನಿಂಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು?"

"ನೀವೇ ಅಲ್ವಾ ಸಾರ್, ಮೂರು ದಿನ ಇಲ್ಲಿ ಕೂರ್ಸಿದ್ದು?"

ಅಧ್ಯಕ್ಷರು ನನ್ನದೇ ಮೈಕ್ ಎತ್ತಿಕೊಂಡರು. "ಮಾಲೀಕರು ಮಾತುಕತೆಗೆ ಬರಬೇಕು!"

ಫೋನು ಮತ್ತೆ ಬಡಿದುಕೊಂಡಿತು. ಮಂಗಳವಾರ ಯಾರೂ ಶುಭಕಾರ್ಯ ಮಾಡಲ್ಲ, ಅಂಗಡಿ ಹೇಗೂ ಖಾಲಿ. "ಮಂಗಳವಾರ ರಜ. ಸಂಬಳ ಹಿಡಿಯಲ್ಲ. ಗ್ಲೌಸ್ ನಾಳೆ ತರ್ತೀನಿ. ಏಳ್ರಪ್ಪಾ!"

"ಕಚೇರಿಯವರು ಮೂರು ದಿನ ಎಳೆದರು, ಈ ಮಾಲೀಕರು ಐದೇ ನಿಮಿಷ!" ಅಂತ ಅಧ್ಯಕ್ಷರು ನನ್ನ ಕೊರಳಿಗೆ ದೊಡ್ಡ ಹಾರ ಹಾಕಿದರು. ಕಾರ್ಯದರ್ಶಿ ಓಡಿ ಬಂದು, "ಅಯ್ಯೋ, ತಂದಿರೋದು ಒಂದೇ ಹಾರ, ಸಾಹೇಬರಿಗೆ" ಅಂತ ಅದನ್ನು ಬಿಚ್ಚಿ ಇಂಜಿನಿಯರಿಗೆ ಹಾಕಿದ.

ಸಂಘದವರೇ ಕುರ್ಚಿ ಎತ್ತಿ ಲಾರಿಗೆ ಹಾಕಿದರು. ಒಟ್ಟು ಗಳಿಕೆ ಹೀಗೆ: ಸಂಘಕ್ಕೆ ಗ್ಲೌಸು, ಬೂಟು, ರಜ. ನನ್ನ ಆಳುಗಳಿಗೆ ಮಂಗಳವಾರ. ಇಂಜಿನಿಯರಿಗೆ ಹಾರ. ನನಗೆ ನೂರ ತೊಂಬತ್ತಾರು ಕುರ್ಚಿ. ಉಳಿದ ನಾಲ್ಕರಲ್ಲಿ ನನ್ನವರು ಕೂತೇ ಇದ್ದರು, ಗ್ಲೌಸು ಕೈಗೆ ಬಂದ ಮೇಲೆ ಏಳ್ತೀವಿ ಅಂತ.