ಅರಳಿಮರದ ಚೌಕಟ್ಟು, ಅಕ್ಕನ ಚಿಂದಿ

ನಗು ಬರುವಂಥ ಪ್ರಸಂಗಗಳು ನನಗೆ ಒದಗಿ ಬರೋದು ನಗೋ ಸ್ಥಿತಿಯಲ್ಲಿ ಇಲ್ಲದಾಗಲೇ. ಲಾರಿ ಕ್ಲೀನರ್ ಆಗಿದ್ದಾಗ, ಮಂಡಕ್ಕಿ ಭಟ್ಟಿಯಲ್ಲಿ ಬೆವರು ಸುರಿಸುವಾಗ, ಶಾಮಿಯಾನ ಹಾಕೋರ ಜೊತೆ ಊರೂರು ಸುತ್ತುವಾಗ, ಯಾವಾಗಲೂ ಇದೇ ಕತೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಯಾವ ಊರೂ ಎರಡು ಮಳೆಗಾಲ ತಡೆಯೋದಿಲ್ಲ ಅಂತ ಅಕ್ಕ ಅಂತಿದ್ದಳು. ಅವಳು ದಾವಣಗೆರೆಯ ವಿನೋಬನಗರದ ಒಂದು ಓಣಿಯಲ್ಲಿ ಹೆಂಗಸರ ಜಂಪರ್ ಹೊಲಿದು ನನ್ನನ್ನು ಸಾಕಿದವಳು.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದು, ಸೂಜಿಗೆ ದಾರ ಪೋಣಿಸೋಕೂ ಆಗದೆ ಹೋದಾಗ ನಾನು ವಾಪಸ್ ಬಂದೆ. ದಾರ ಪೋಣಿಸಿ ಕೊಟ್ಟ ಮೇಲೆ ನನಗೇನು ಕೆಲಸ? ಮಿಷನ್ ಕೆಳಗೆ ಬಿದ್ದ ಬಟ್ಟೆ ಚೂರು, ಒಂಟಿ ಗುಂಡಿ, ಜರಿ ಅಂಚು, ಬಳೆ ಅಂಗಡಿ ಮುಂದಿನ ಒಡಕು ಬಳೆ, ಗುಜರಿ ತಗಡು, ಎಲ್ಲವನ್ನೂ ಹಲಗೆ ಮೇಲೆ ಅಂಟಿಸಿ ಚಿತ್ರ ಮಾಡೋಕೆ ಕೂತೆ. ಅಕ್ಕ ಒಂದನ್ನೂ ಚೆನ್ನಾಗಿದೆ ಅನ್ನಲಿಲ್ಲ. ಅವಳ ಕಣ್ಣು ಪೂರ್ತಿ ಹೋಗೋದರೊಳಗೆ, ನೋಡಿ ಒಂದು ಸಲ ಹೂಂ ಅನ್ನುವಂಥದ್ದು ಮಾಡಬೇಕು ಅಂತ ನನಗೆ ಹಟ ಬಂತು.

ದೇವರ ಮನೆ

ಚೌಕಟ್ಟು ಕೊಂಡು ತರೋದು ನನ್ನ ಕೈಲಾಗದ ಮಾತು. ಹರಿಹರದ ಹೊಳೆ ದಂಡೆಯಲ್ಲಿ ಒಂದು ಅರಳಿಮರ ಇದೆ. ಗಾಜು ಒಡೆದ, ಗೆದ್ದಲು ಹಿಡಿದ ದೇವರ ಫೋಟೊಗಳನ್ನು ಜನ ತಂದು ಅದರ ಬುಡಕ್ಕೆ ಇಟ್ಟು ಹೋಗ್ತಾರೆ. ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಕಸಕ್ಕೆ ಹಾಕೋ ಹಾಗಿಲ್ಲ. ನಾನು ಅದರಲ್ಲಿ ಗಟ್ಟಿ ಚೌಕಟ್ಟು ಆರಿಸಿ, ಮೊಳೆ ಕಿತ್ತು, ಒಳಗಿನ ಪಟವನ್ನು ಮರಕ್ಕೇ ಒರಗಿಸಿ ಕೈಮುಗಿದು ಬರ್ತಿದ್ದೆ.

ಒಂದು ದಿನ ಎರಡೂ ಕೈ ಬೆನ್ನ ಹಿಂದಿಟ್ಟುಕೊಂಡು ನಿಂತಿದ್ದ ಹಿರಿಯರೊಬ್ಬರ ಕಣ್ಣಿಗೆ ಬಿದ್ದೆ. ದೇವರನ್ನೇ ಕದಿಯೋ ಕಾಲ ಬಂತಲ್ಲ ಅಂತ ಶುರು ಮಾಡಿದವರು ನನ್ನ ಹೆತ್ತವರ ತನಕ ಬಂದರು.

“ದೇವ್ರನ್ನ ಇಲ್ಲೇ ಬಿಟ್ಟೀನ್ರಿ ಯಜಮಾನ್ರೆ. ಮನೆ ಅಷ್ಟೇ ಒಯ್ತೀನಿ.”

ಅವರು ಬೆನ್ನ ಹಿಂದಿನ ಕೈ ಮುಂದಕ್ಕೆ ತಂದರು. ಅದರಲ್ಲಿ ಪೇಪರ್ ಸುತ್ತಿದ ಒಂದು ಫೋಟೊ. ಸಾಗುವಾನಿ ಚೌಕಟ್ಟು, ಮೂಲೆ ಮೂಲೆಗೂ ಕುಂಕುಮ ಮರದೊಳಕ್ಕೇ ಇಂಗಿ ಹೋಗಿತ್ತು.

“ಹಂಗಾದ್ರೆ ಇದನ್ನೂ ನೀನೇ ಖಾಲಿ ಮಾಡ್ಕೋ. ಆಗ್ಲಿಂದ ನಿಂತೀನಿ, ಬಿಟ್ಟು ಹೋಗೋಕೆ ಧೈರ್ಯ ಬರ್ತಿಲ್ಲ.”

ಬಿಡಿಸ್ಕೊಂಡು ಬಾ

ಮನೆಯ ಮೂಲೆಯೆಲ್ಲ ಹಲಗೆ ತುಂಬಿತು. ಕಾಲಿಗೆ ತಾಗಿ ಬೀಳ್ತೀನಿ ಅಂತ ಅಕ್ಕ ಬೈದಳು. ಬೇಸರದಲ್ಲಿ ಎರಡನ್ನು ಸೈಕಲ್ಲಿಗೆ ಕಟ್ಟಿ ಗುಜರಿ ಅಂಗಡಿಗೆ ಒಯ್ದೆ. ಅಂಗಡಿ ಸಾಹೇಬರು ಹಿಂದೆ ಮುಂದೆ ತಿರುಗಿಸಿ ನೋಡಿದರು, ತಕ್ಕಡಿ ಮೇಲಿಟ್ಟು ಮತ್ತೆ ಇಳಿಸಿದರು.

“ಭಾಯಿ, ಕಟ್ಟಿಗೆ ಬ್ಯಾರೆ, ಚಿಂದಿ ಬ್ಯಾರೆ, ತಗಡು ಬ್ಯಾರೆ ಇದ್ರೆ ತಗೋತೀನಿ. ಎಲ್ಲಾ ಕೂಡ್ಸಿ ಖರಾಬ್ ಮಾಡೀಯಲ್ಲ. ಬಿಡಿಸ್ಕೊಂಡು ಬಾ.”

ತಗಡು ಅವರ ಅಂಗಡಿಯಿಂದಲೇ ತಂದದ್ದು. ಗುಜರಿಗೂ ಬೇಡವಾದ ಸಾಮಾನು ತಯಾರಿಸಿದ ಮೊದಲ ಮನುಷ್ಯ ನಾನೇ ಇರಬೇಕು.

ಹನಿ

ಅಕ್ಕನಿಗೆ ನೋಡುತ್ತಿದ್ದ ಕಣ್ಣಿನ ಡಾಕ್ಟರಿಗೆ ಒಂದು ಚಿತ್ರ ಕೊಟ್ಟೆ. ಸಾಗುವಾನಿ ಚೌಕಟ್ಟಿನದೇ. ಹೊಳೆಯ ಮೇಲೆ ಮುಳುಗೋ ಸೂರ್ಯ, ಪೂರಾ ಬಳೆ ಚೂರಿನದು. ಪಾಪ, ಬೇಡ ಅನ್ನಲಾರದೆ ರೋಗಿಗಳು ಕಾಯೋ ಕೋಣೆಯ ಗೋಡೆಗೆ ಹಾಕಿಸಿದರು.

ಮುಂದಿನ ಸಲ ಹೋದಾಗ ನರ್ಸಮ್ಮ, ಪರೀಕ್ಷೆಗೆ ಮುಂಚೆ ಹಾಕಿದ, ಕಣ್ಣು ಮಂಜಾಗಿಸೋ ಹನಿ ಹತ್ತಿದೆಯೋ ಇಲ್ಲವೋ ಅಂತ ಬೆಂಚಿನ ಮೇಲೆ ಕೂತವರನ್ನು ವಿಚಾರಿಸ್ತಾ ಬರ್ತಿದ್ದರು. ಆನಗೋಡಿನಿಂದ ಬಂದ ರೈತನೊಬ್ಬನಿಗೆ ನನ್ನ ಚಿತ್ರ ತೋರಿಸಿ ಏನು ಕಾಣ್ತದೆ ಅಂದರು.

“ಎಲ್ಲಾ ಕಲಸಿದಂಗೆ ಕಾಣ್ತೈತ್ರಿ. ಒಂದಕ್ಕೊಂದು ಸಂಬಂಧಾನೇ ಇಲ್ಲ.”

ಹಾಗಾದರೆ ಹನಿ ಹತ್ತಿದೆ, ಒಳಗೆ ಹೋಗಿ ಅಂದರು ನರ್ಸಮ್ಮ. ಅವನು ಬಾಗಿಲ ತನಕ ಹೋಗಿ ತಿರುಗಿ ನಿಂತ.

“ಅಮ್ಮಾರೆ, ನನಗಿನ್ನೂ ಹನೀನೇ ಹಾಕಿಲ್ಲ.”

ನಮ್ಮ ಸರದಿ ಬಂದಾಗ ಡಾಕ್ಟರು ತುಂಬ ಹೊತ್ತು ನೋಡಿದರು. ಇನ್ನು ಮೇಲೆ ಬೆಳಕು ಕತ್ತಲೆ ಗೊತ್ತಾಗಬಹುದು, ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದರು. ಸಿಟಿ ಬಸ್ಸಿನಲ್ಲಿ ಅಕ್ಕನೇ ನನ್ನ ತೊಡೆ ತಟ್ಟಿದಳು.

“ಆ ಆನಗೋಡಿನೋನ ಕಣ್ಣು ಚಲೋ ಅದಾವೆ ಬಿಡೋ. ಸರಿಯಾಗೇ ಹೇಳ್ದ.”

ತಿರುಗಿ ಬಂದದ್ದು

ಮತ್ತೆ ಚೌಕಟ್ಟು ಹುಡುಕಿಕೊಂಡು ಹರಿಹರಕ್ಕೆ ಹೋದೆ. ಅರಳಿಮರದ ಬುಡದಲ್ಲಿ, ದೇವರುಗಳ ಸಾಲಿನಲ್ಲಿ, ನನ್ನ ಮುಳುಗೋ ಸೂರ್ಯ ಕೂತಿದ್ದ. ಅದೇ ಸಾಗುವಾನಿ, ಅದೇ ಕುಂಕುಮ, ತಲೆ ಮೇಲೊಂದು ಚೆಂಡುಹೂವು.

ಆಸ್ಪತ್ರೆಯ ಗೋಡೆಗೆ ಸುಣ್ಣ ಹೊಡೆಸುವಾಗ ಇಳಿಸಿದ್ದರಂತೆ, ಮತ್ತೆ ಹಾಕೋ ಮನಸ್ಸು ಯಾರಿಗೂ ಆಗಲಿಲ್ಲವಂತೆ. ಆಮೇಲೊಂದು ದಿನ ಆಸ್ಪತ್ರೆಯಲ್ಲಿ ವಿಚಾರಿಸಿದಾಗ, ಹರಿಹರದಿಂದ ಕೆಲಸಕ್ಕೆ ಬರೋ ಆಯಾ ಸಂಕೋಚಪಟ್ಟುಕೊಂಡು ಹೇಳಿದಳು.

“ಕುಂಕುಮ ಇತ್ತಲ್ಲಣ್ಣ, ಕಸಕ್ಕೆ ಹಾಕೋಕೆ ಮನಸ್ ಬರ್ಲಿಲ್ಲ. ಯಾವ ದೇವ್ರು ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಒಂದು ಹೂವಾ ಇಟ್ಟು ಬಂದೆ.”

ಮರದ ಬುಡದಲ್ಲಿ ಸಿಕ್ಕ ದಿನ ದಾವಣಗೆರೆ ಬಸ್ಸಿನಲ್ಲಿ ಅದನ್ನು ತೊಡೆ ಮೇಲಿಟ್ಟುಕೊಂಡು ಬಂದೆ. ಲಗೇಜು ಚಾರ್ಜು ಕೇಳೋಕೆ ಬಂದ ಕಂಡಕ್ಟರ್ ಹೂವು ನೋಡಿ ಸುಮ್ಮನೆ ಮುಂದೆ ಹೋದ. ಅದೊಂದೇ ಲಾಭ.

ಓಣಿ ದೇವರು

ಅದೇ ಚೌಕಟ್ಟಿನ ಸೂರ್ಯನನ್ನು ಕೆರೆದು ತೆಗೆದು, ನಮ್ಮ ಓಣಿಯನ್ನು ಮಾಡಿದೆ. ಯಾರ ಮನೆಗೆ ಅವರದೇ ಜಂಪರಿನ ಚೂರು. ಗಿರಣಿ ಅಮ್ಮನ ಮನೆ ಹಸಿರು ರೇಷ್ಮೆಯದು. ಎದುರುಮನೆ ಟೀಚರಮ್ಮನದು ಗೀರು ಗೀರಿನ ಕಾಟನ್. ಅವರಿಬ್ಬರೂ ನಲ್ಲಿ ನೀರಿನ ಜಗಳದಲ್ಲಿ ಮಾತು ಬಿಟ್ಟು ವರ್ಷಗಳಾದವು, ಅದಕ್ಕೆ ನಡುವೆ ತಗಡಿನ ಚರಂಡಿ. ಕೊನೆಯಲ್ಲಿ ನಮ್ಮ ಮನೆ. ಅದು ನಾನು ಲಾರಿಯಲ್ಲಿದ್ದಾಗಿನ ಖಾಕಿ ಅಂಗಿ, ಬಾಗಿಲಿಗೆ ಅದರದೇ ಗುಂಡಿ. ಹೊಸ ಗಾಜೂ ಹಾಕಿಸಿದೆ. ಆದರೆ ನಾನು ಮುಗಿಸೋದರೊಳಗೆ ಅಕ್ಕನ ಕಣ್ಣು ಮುಗಿದಿತ್ತು.

ಆದರೂ ತಂದು ಅವಳ ತೊಡೆ ಮೇಲಿಟ್ಟೆ. ಅಂಗೈ ಆ ತುದಿಯಿಂದ ಈ ತುದಿಗೆ ಜಾರಿತು.

“ಬರೀ ಗಾಜು ಐತಲ್ಲೋ. ಕಿಟಕಿ ಮಾಡೀಯೇನು?”

ಗಾಜು ಬಿಚ್ಚಿದೆ. ಅವಳ ಬೆರಳು ಓಣಿಗೆ ಇಳಿಯಿತು. ಇದು ಗಿರಣಿಯವಳದು, ತೋಳು ಬಿಗಿ ಅಂತ ಮೂರು ಸಲ ಬಿಚ್ಚಿಸಿದ್ದಳು. ಇದು ಟೀಚರಮ್ಮನದು, ಒಂದೇ ಸಲ ತೊಳೆದರೆ ಬಣ್ಣ ಬಿಡೋದು. ಹೀಗೆ ಮನೆ ಮನೆಗೂ ನಿಂತು, ಮಾತಾಡಿಸಿ, ಕೊನೆಗೆ ಖಾಕಿಗೆ ಬಂದಳು. ಗುಂಡಿಯನ್ನು ಎಳೆದು, ತಿರುಗಿಸಿ ನೋಡಿದಳು.

“ಇದು ನಮ್ಮನೆ. ಗಟ್ಟಿ ಹೊಲ್ದೀಯ. ಗುಂಡಿ ಹಾಕ್ಕೊಂಡು ಒಳಗಿರು ಇನ್ನ.”

ಅವಳು ಹೂಂ ಅನ್ನಲಿ ಅಂತ ಮಾಡಿದ್ದು. ನಾನೇ ಹೂಂ ಅಂದೆ.

ಅಕ್ಕನ ಕಣ್ಣಲ್ಲಿ ನೀರಿತ್ತು. ಹಲಗೆ ಸವರಿದ ಕೈಯಿಂದಲೇ ಎರಡೂ ಕಣ್ಣು ಒತ್ತಿಕೊಂಡಳು. ಆ ಹೊತ್ತಿಗೆ ಸರಿಯಾಗಿ, ಹೊಲಿಯದೆ ಉಳಿದ ಬಟ್ಟೆ ವಾಪಸ್ ಕೇಳೋಕೆ ಬಂದ ಗಿರಣಿ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಕಂಡದ್ದು ಕುಂಕುಮದ ಚೌಕಟ್ಟು, ಅದನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳೋ ಅಕ್ಕ. ಮೆಲ್ಲಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾವ ದೇವರು ಅಂತ ಪಿಸುಗುಟ್ಟಿದರು. ನಾನು ಬಾಯಿ ತೆರೆಯೋದರೊಳಗೆ ಅಕ್ಕ, “ಓಣಿ ದೇವ್ರು” ಅಂದುಬಿಟ್ಟಳು.

ಗಿರಣಿ ಅಮ್ಮ ಮೊಣಕಾಲೂರಿ, ಹಲಗೆಗೆ ಹಣೆ ಹಚ್ಚಿ, ಸೊಸೆ ವಿಷಯ ಏನೋ ಬೇಡಿಕೊಂಡು, ಬಟ್ಟೆ ಕೇಳೋದನ್ನೂ ಮರೆತು ಹೋದರು.

ಅವರ ಚಪ್ಪಲಿ ಸದ್ದು ದೂರಾದ ಮೇಲೆ ಅಕ್ಕ ನನ್ನ ಕೈ ಹಿಡಿದು ಎಳೆದಳು.

“ಹಣೆ ಎಲ್ಲಿ ಹಚ್ಚಿದ್ಳು?”

“ಟೀಚರಮ್ಮನ ಜಂಪರಿಗೆ.”

ಅಕ್ಕ ಹೊಲಿಗೆ ಮಿಷನ್ನು ಹಿಡಿದುಕೊಂಡು ಉಸಿರು ಕಟ್ಟುವಷ್ಟು ನಕ್ಕಳು. ಕಣ್ಣಿನ ಬಗ್ಗೆ ಅಲ್ಲಿಯ ತನಕ ನೋವಿನ ಒಂದು ಮಾತೂ ಆಡದವಳು, ಸೆರಗಿನಿಂದ ಮುಖ ಒರೆಸಿಕೊಂಡು ಅವತ್ತು ಆಡಿದಳು.

“ಕಣ್ಣು ಹೋಗಿದ್ದಕ್ಕೆ ಇಷ್ಟು ದಿನ ಬ್ಯಾಸರ ಆಗಿರ್ಲಿಲ್ಲ ನೋಡೋ. ಇವತ್ತು ಆತು.”